ತಂಬಾಕಿನ ಎಲೆಯಲ್ಲಿ ಆರ್‌ಎನ್‌ಎ ಹುಡುಕಿದಾಕೆ: ರೊಸಾಲಿಂಡ್ ಫ್ರಾಂಕ್ಲಿನ್

ತಂಬಾಕು, ಟೊಮೆಟೊ, ಮೆಣಸಿನಕಾಯಿ ಬೆಳೆದವರಿಗೆ ಈ ನೋಟ ಹೊಸದಲ್ಲ. ಮೊನ್ನೆಯವರೆಗೆ ಚೆನ್ನಾಗಿಯೇ ಇದ್ದ ಎಲೆಯ ಮೇಲೆ ಒಂದು ಕಡೆ ತಿಳಿ ಹಸಿರು, ಮತ್ತೊಂದು ಕಡೆ ಕಡು ಹಸಿರು ಮಚ್ಚೆಗಳು ಏಳುತ್ತವೆ. ಎಲೆ ಸುಕ್ಕುಗಟ್ಟುತ್ತದೆ, ಗಿಡದ ಬೆಳವಣಿಗೆ ಕುಂಠಿತವಾಗುತ್ತದೆ. ಕೃಷಿ ಇಲಾಖೆಯವರನ್ನು ಕೇಳಿದರೆ ಮೊಸಾಯಿಕ್ ನಂಜುರೋಗ ಎನ್ನುತ್ತಾರೆ. ಇದಕ್ಕೆ ಸಿಂಪಡಿಸುವ ಔಷಧಿ ಇಲ್ಲ, ರೋಗದ ಗಿಡ ಕಿತ್ತುಹಾಕಿ, ಕೈ ತೊಳೆದುಕೊಂಡು ಇನ್ನೊಂದು ಗಿಡ ಮುಟ್ಟಿ ಎಂಬ ಸಲಹೆಯೂ ಸಿಗುತ್ತದೆ.

ಇಂಥ ರೋಗ ತರುವ ವೈರಸ್‌ಗಳಲ್ಲಿ ಎಲ್ಲಕ್ಕಿಂತ ಮೊದಲು ಪತ್ತೆಯಾದದ್ದು ತಂಬಾಕಿನ ಮೊಸಾಯಿಕ್ ವೈರಸ್. ಆ ವೈರಸ್‌ನ ಒಡಲಲ್ಲಿ ರೋಗದ ಬೀಜ ಎಲ್ಲಿ ಅಡಗಿದೆ ಎಂದು 1956ರಲ್ಲಿ ತೋರಿಸಿಕೊಟ್ಟವರು ಲಂಡನ್ನಿನ ಒಬ್ಬ ಮಹಿಳೆ. ಹೆಸರು ರೊಸಾಲಿಂಡ್ ಫ್ರಾಂಕ್ಲಿನ್. ಡಿಎನ್‌ಎ ಕಥೆಯಲ್ಲಿ ಅನ್ಯಾಯಕ್ಕೊಳಗಾದ ಹೆಣ್ಣುಮಗಳು ಎಂದು ಶಾಲೆಯ ಮಕ್ಕಳಿಗೂ ಈ ಹೆಸರು ಗೊತ್ತು. ಆದರೆ ಆಕೆ ತಮ್ಮ ಬದುಕಿನ ಕೊನೆಯ ಐದು ವರ್ಷಗಳನ್ನು ಕೊಟ್ಟದ್ದು ಡಿಎನ್‌ಎಗೆ ಅಲ್ಲ, ಅದರ ತಂಗಿಯಂತಿರುವ ಆರ್‌ಎನ್‌ಎಗೆ. ತಮ್ಮದೇ ತಂಡ, ತಮ್ಮದೇ ದಾರಿ ಎಂದು ಆಕೆ ನೆಮ್ಮದಿಯಿಂದ ದುಡಿದದ್ದೂ ಆ ಐದು ವರ್ಷಗಳಲ್ಲೇ.

ಬಾಲ್ಯ ಮತ್ತು ಓದು

ರೊಸಾಲಿಂಡ್ ಹುಟ್ಟಿದ್ದು 1920ರ ಜುಲೈ 25ರಂದು, ಲಂಡನ್ನಿನ ನಾಟಿಂಗ್ ಹಿಲ್ ಎಂಬಲ್ಲಿ. ಅನುಕೂಲಸ್ಥ ಯಹೂದಿ ಕುಟುಂಬ. ತಂದೆ ಎಲ್ಲಿಸ್ ಫ್ರಾಂಕ್ಲಿನ್ ಬ್ಯಾಂಕ್ ವ್ಯವಹಾರದಲ್ಲಿದ್ದರು, ಸಂಜೆ ಹೊತ್ತು ಕಾರ್ಮಿಕರಿಗಾಗಿ ನಡೆಯುತ್ತಿದ್ದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ತಾಯಿ ಮ್ಯೂರಿಯಲ್. ಐವರು ಮಕ್ಕಳಲ್ಲಿ ರೊಸಾಲಿಂಡ್ ಎರಡನೆಯವರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿಗಳಿಗೆ ನೆಲೆ ಕಲ್ಪಿಸಲು ಈ ಮನೆಯವರು ಓಡಾಡಿದ್ದರು.

ಹೆಣ್ಣುಮಕ್ಕಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸುವ ಶಾಲೆಗಳು ಆಗ ಲಂಡನ್ನಿನಲ್ಲೂ ಬೆರಳೆಣಿಕೆಯಷ್ಟು. ಅಂಥ ಒಂದು ಶಾಲೆ, ಸೇಂಟ್ ಪಾಲ್ಸ್ ಬಾಲಕಿಯರ ಶಾಲೆ, ರೊಸಾಲಿಂಡ್‌ಗೆ ಸಿಕ್ಕಿತು. 1938ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜು ಸೇರಿದರು. 1941ರಲ್ಲಿ ಅಂತಿಮ ಪರೀಕ್ಷೆ ಪಾಸಾದರೂ ಪೂರ್ಣ ಪದವಿ ಕೈಗೆ ಬರಲಿಲ್ಲ, ಯಾಕೆಂದರೆ ಕೇಂಬ್ರಿಜ್ ಆಗ ಹೆಂಗಸರಿಗೆ ಹೆಸರಿಗಷ್ಟೇ ಪದವಿ ಕೊಡುತ್ತಿತ್ತು. ಗಂಡಸರ ಸಮಾನವಾಗಿ ಕೊಡಲು ತೊಡಗಿದ್ದು 1948ರಲ್ಲಿ.

ಹೊರಗೆ ಎರಡನೆಯ ಮಹಾಯುದ್ಧ. 1942ರಲ್ಲಿ ಆಕೆ ಬ್ರಿಟನ್ನಿನ ಕಲ್ಲಿದ್ದಲು ಸಂಶೋಧನಾ ಸಂಘದಲ್ಲಿ ಕೆಲಸಕ್ಕೆ ಸೇರಿದರು. ಒಂದು ಬಗೆಯ ಇದ್ದಿಲು ಅನಿಲವನ್ನು ಹೀರಿಕೊಳ್ಳುತ್ತದೆ, ಇನ್ನೊಂದು ಹೀರುವುದಿಲ್ಲ, ಕಾರಣವೇನು? ಇದ್ದಿಲಿನೊಳಗಿನ ಸೂಕ್ಷ್ಮ ರಂಧ್ರಗಳನ್ನು ಅಳೆದು ಆಕೆ ಉತ್ತರ ಹುಡುಕಿದರು. ಆ ಕೆಲಸಕ್ಕೇ 1945ರಲ್ಲಿ ಡಾಕ್ಟರೇಟ್ ದೊರೆಯಿತು. ರಾತ್ರಿ ಹೊತ್ತು ವಿಮಾನ ದಾಳಿಯ ಎಚ್ಚರಿಕೆ ಕೊಡುವ ಸ್ವಯಂಸೇವಕಿಯಾಗಿಯೂ ದುಡಿದರು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಪ್ಯಾರಿಸ್‌ಗೆ ಹೋದರು. ಅಲ್ಲಿ ಜಾಕ್ ಮೆರಿಂಗ್ ಎಂಬ ವಿಜ್ಞಾನಿಯ ಬಳಿ ಎಕ್ಸ್-ರೇ ವಿದ್ಯೆ ಕಲಿತರು. ಇದು ಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ತೆಗೆಯುವ ಎಕ್ಸ್-ರೇಯಂತಲ್ಲ. ದೂರದ ಬೀದಿದೀಪವನ್ನು ಕೊಡೆಯ ತೆಳು ಬಟ್ಟೆಯ ಮೂಲಕ ನೋಡಿ. ದೀಪದ ಸುತ್ತ ಬೆಳಕಿನ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಆ ಚುಕ್ಕೆಗಳ ಅಂತರ ಅಳೆದರೆ ಬಟ್ಟೆಯ ಎಳೆಗಳ ನೇಯ್ಗೆಯನ್ನು ಲೆಕ್ಕ ಹಾಕಬಹುದು. ಎಕ್ಸ್-ರೇ ಕಿರಣಗಳನ್ನು ಒಂದು ವಸ್ತುವಿನ ಮೂಲಕ ಹಾಯಿಸಿ, ಆಚೆ ಬದಿಯ ಫಿಲ್ಮಿನ ಮೇಲೆ ಬೀಳುವ ಚುಕ್ಕೆಗಳಿಂದ ಅದರೊಳಗಿನ ಅಣುಗಳ ನೇಯ್ಗೆಯನ್ನು ತಿಳಿಯುವುದೂ ಹೀಗೆಯೇ. ತಾಳ್ಮೆ ಬೇಕು, ಕೈಚಳಕ ಬೇಕು, ಗಣಿತ ಬೇಕು. ಮೂರೂ ರೊಸಾಲಿಂಡ್ ಬಳಿ ಇದ್ದವು.

ಕಿಂಗ್ಸ್ ಕಾಲೇಜಿನ ಎರಡು ವರ್ಷ

1951ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಡಿಎನ್‌ಎ ಕೆಲಸ ಪೂರ್ತಿ ನಿಮ್ಮದೇ ಎಂದು ಮುಖ್ಯಸ್ಥ ಜಾನ್ ರ‍್ಯಾಂಡಲ್ ಆಕೆಗೆ ಪತ್ರ ಬರೆದಿದ್ದರು. ಅಲ್ಲಿ ಮೊದಲೇ ಆ ಕೆಲಸದಲ್ಲಿದ್ದ ಮಾರಿಸ್ ವಿಲ್ಕಿನ್ಸ್ ಅವರಿಗೆ ಈ ವಿಷಯ ತಿಳಿದಿರಲಿಲ್ಲ. ಒಂದೇ ಹೊಲವನ್ನು ಇಬ್ಬರಿಗೆ ಗುತ್ತಿಗೆ ಕೊಟ್ಟಂತಾಯಿತು. ಇಬ್ಬರ ನಡುವೆ ಮಾತೇ ನಿಂತುಹೋಯಿತು.

ಆದರೂ ಕೆಲಸ ನಿಲ್ಲಲಿಲ್ಲ. ಒಣಗಿದಾಗ ಡಿಎನ್‌ಎ ಒಂದು ರೂಪ, ತೇವ ಇದ್ದಾಗ ಇನ್ನೊಂದು ರೂಪ ತಾಳುತ್ತದೆ ಎಂದು ಆಕೆ ಕಂಡುಕೊಂಡರು. 1952ರ ಮೇ ತಿಂಗಳಲ್ಲಿ ಆಕೆಯ ಮಾರ್ಗದರ್ಶನದಲ್ಲಿ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ತೆಗೆದ 51ನೇ ಸಂಖ್ಯೆಯ ಚಿತ್ರದಲ್ಲಿ ಸುರುಳಿಯ ಗುರುತು ಸ್ಪಷ್ಟವಾಗಿತ್ತು. 1953ರ ಜನವರಿಯಲ್ಲಿ ವಿಲ್ಕಿನ್ಸ್ ಆ ಚಿತ್ರವನ್ನು ಕೇಂಬ್ರಿಜ್‌ನ ಜೇಮ್ಸ್ ವಾಟ್ಸನ್‌ಗೆ ತೋರಿಸಿದರು. ಆಕೆಗೆ ಗೊತ್ತೇ ಇರಲಿಲ್ಲ. ಆಕೆಯ ಅಳತೆಗಳಿದ್ದ ವರದಿಯೊಂದು ಫ್ರಾನ್ಸಿಸ್ ಕ್ರಿಕ್ ಕೈಗೂ ಸೇರಿತು. ಅದೇ ವರ್ಷ ಏಪ್ರಿಲ್ 25ರಂದು ನೇಚರ್ ಪತ್ರಿಕೆಯಲ್ಲಿ ಮೂರು ಲೇಖನಗಳು ಒಟ್ಟಿಗೆ ಬಂದವು. ಮೊದಲನೆಯದು ವಾಟ್ಸನ್ ಮತ್ತು ಕ್ರಿಕ್ ಅವರದು, ಕೊನೆಯದು ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರದು.

ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ಇಬ್ಬರು ಇತಿಹಾಸಕಾರರು 2023ರಲ್ಲಿ ಈ ಕಥೆಗೆ ಇನ್ನೊಂದು ಮಾತು ಸೇರಿಸಿದ್ದಾರೆ. ರೊಸಾಲಿಂಡ್ ಬರೀ ಮೋಸಹೋದ ಹೆಣ್ಣಲ್ಲ, ಡಿಎನ್‌ಎ ರಚನೆ ಕಂಡ ನಾಲ್ವರಲ್ಲಿ ಸಮಾನ ಪಾಲುದಾರರು ಎಂಬುದು ಅವರ ವಾದ.

ಮುರುಕು ಮನೆಯಲ್ಲಿ ಹೊಸ ಬಾಳು

ಆ ಲೇಖನಗಳು ಅಚ್ಚಾಗುವ ಮೊದಲೇ, 1953ರ ಮಾರ್ಚ್‌ನಲ್ಲಿ, ರೊಸಾಲಿಂಡ್ ಕಿಂಗ್ಸ್ ಬಿಟ್ಟು ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿಗೆ ಹೋಗಿದ್ದರು. ಹಗಲು ದುಡಿದು ಸಂಜೆ ಓದುವವರ ಕಾಲೇಜು ಅದು. ಪ್ರಯೋಗಾಲಯ ಇದ್ದದ್ದು ಟಾರಿಂಗ್ಟನ್ ಚೌಕದ ಹಳೆಯ ಮನೆಗಳಲ್ಲಿ. ಯುದ್ಧದ ಬಾಂಬುಗಳ ಗಾಯ ಆ ಕಟ್ಟಡಗಳಿಗೆ ಇನ್ನೂ ಮಾಸಿರಲಿಲ್ಲ. ಆಕೆಯ ಕೋಣೆ ಮೇಲಿನ ಅಟ್ಟದಲ್ಲಿ, ಎಕ್ಸ್-ರೇ ಯಂತ್ರ ಕೆಳಗಿನ ನೆಲಮಾಳಿಗೆಯಲ್ಲಿ. ದಿನವಿಡೀ ಮೆಟ್ಟಿಲು ಹತ್ತುವುದು, ಇಳಿಯುವುದು.

ಹೊರಡುವಾಗ ಕಿಂಗ್ಸ್‌ನ ಮುಖ್ಯಸ್ಥರು ಒಂದು ಕಟ್ಟುಪಾಡು ಹಾಕಿದ್ದರು: ಇನ್ನು ಮುಂದೆ ನ್ಯೂಕ್ಲಿಯಿಕ್ ಆಮ್ಲದ ಯೋಚನೆಯನ್ನೇ ಬಿಡಬೇಕು. ಯೋಚಿಸಬೇಡ ಎಂದರೆ ಯಾರಾದರೂ ಯೋಚನೆ ಬಿಟ್ಟಾರೆಯೇ? ನ್ಯೂಕ್ಲಿಯಿಕ್ ಆಮ್ಲಗಳು ಎರಡು. ಒಂದು ಡಿಎನ್‌ಎ, ಇನ್ನೊಂದು ಆರ್‌ಎನ್‌ಎ. ಬರ್ಕ್‌ಬೆಕ್‌ನ ಹಿರಿಯ ವಿಜ್ಞಾನಿ ಜೆ.ಡಿ. ಬರ್ನಾಲ್ ಯುದ್ಧಕ್ಕೆ ಮುಂಚೆಯೇ ತಂಬಾಕಿನ ಮೊಸಾಯಿಕ್ ವೈರಸ್‌ನ ಎಕ್ಸ್-ರೇ ಚಿತ್ರ ತೆಗೆದು ಅರ್ಧಕ್ಕೆ ಬಿಟ್ಟಿದ್ದರು. ಆ ಕೆಲಸವನ್ನು ರೊಸಾಲಿಂಡ್ ಕೈಗೆತ್ತಿಕೊಂಡರು. ಆ ವೈರಸ್‌ನಲ್ಲಿ ಇದ್ದದ್ದು ಆರ್‌ಎನ್‌ಎ!

ಆರ್‌ಎನ್‌ಎ ಅಂದರೇನು?

ಇಲ್ಲಿ ಸ್ವಲ್ಪ ನಿಂತು ಆರ್‌ಎನ್‌ಎಯನ್ನು ತಿಳಿದುಕೊಳ್ಳೋಣ. ಜಮೀನಿನ ದಾಖಲೆ ಎಲ್ಲರಿಗೂ ಗೊತ್ತು. ಪಹಣಿ ಎನ್ನಿ, ಉತಾರ ಎನ್ನಿ, ಮೂಲ ದಾಖಲೆ ಕಚೇರಿಯಲ್ಲೇ ಇರುತ್ತದೆ. ಬ್ಯಾಂಕಿಗೆ ಸಾಲಕ್ಕೆ ಹೋಗುವಾಗ ಅದರ ನಕಲು ಪಡೆದು ಒಯ್ಯುತ್ತೇವೆ. ಜೀವಕೋಶದಲ್ಲೂ ಹಾಗೆಯೇ. ಮೂಲ ದಾಖಲೆ ಡಿಎನ್‌ಎ. ಅದು ಕೋಶದ ನಡುವಿನ ಬೀಜಕೇಂದ್ರದಲ್ಲಿ ಭದ್ರವಾಗಿರುತ್ತದೆ. ಬೇಕಾದ ಭಾಗದ ನಕಲು ಮಾತ್ರ ಹೊರಗೆ ಬರುತ್ತದೆ. ಆ ನಕಲೇ ಆರ್‌ಎನ್‌ಎ.

ಎರಡರ ಕಟ್ಟಣೆಯೂ ಹತ್ತಿರ ಹತ್ತಿರ ಒಂದೇ. ಸಕ್ಕರೆ, ಫಾಸ್ಫೇಟ್ ಸೇರಿದ ಉದ್ದನೆಯ ಎಳೆ, ಅದರ ಮೇಲೆ ಸಾಲಾಗಿ ನಾಲ್ಕು ಬಗೆಯ ಅಕ್ಷರಗಳು. ವ್ಯತ್ಯಾಸ ಮುಖ್ಯವಾಗಿ ಮೂರು. ಆರ್‌ಎನ್‌ಎಯ ಸಕ್ಕರೆ ರೈಬೋಸ್, ಅದರಲ್ಲಿ ಒಂದು ಆಮ್ಲಜನಕ ಪರಮಾಣು ಹೆಚ್ಚು. ಡಿಎನ್‌ಎಯಲ್ಲಿ ಥೈಮಿನ್ ಇರುವ ಕಡೆ ಇಲ್ಲಿ ಯುರಾಸಿಲ್ ಇರುತ್ತದೆ, ಉಳಿದ ಅಡೆನಿನ್, ಗ್ವಾನಿನ್, ಸೈಟೊಸಿನ್ ಎರಡರಲ್ಲೂ ಉಂಟು. ಮೂರನೆಯದು, ಡಿಎನ್‌ಎ ಎರಡು ಎಳೆಗಳ ಹುರಿ, ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ. ಒಂಟಿ ಎಳೆಯಾದ್ದರಿಂದ ಅದು ತನ್ನ ಮೇಲೆ ತಾನೇ ಮಡಚಿಕೊಂಡು ಬೇರೆ ಬೇರೆ ಆಕಾರ ತಾಳಬಲ್ಲದು. ಹಾಗೆಯೇ ಬೇಗ ಮುರಿದೂ ಹೋಗುತ್ತದೆ.

ಕೋಶದಲ್ಲಿ ಪ್ರೋಟೀನ್ ತಯಾರಿಸಲು ಮುಖ್ಯವಾಗಿ ಮೂರು ಬಗೆಯ ಆರ್‌ಎನ್‌ಎ ಬೇಕು. ಮೊದಲನೆಯದು ಸಂದೇಶವಾಹಕ ಆರ್‌ಎನ್‌ಎ. ಮೇಲೆ ಹೇಳಿದ ನಕಲು ಪ್ರತಿ ಇದೇ. ಎರಡನೆಯದು ರೈಬೋಸೋಮ್‌ನ ಆರ್‌ಎನ್‌ಎ. ರೈಬೋಸೋಮ್ ಎಂದರೆ ಪ್ರೋಟೀನ್ ನೇಯುವ ಮಗ್ಗ, ಆ ಮಗ್ಗದ ಹೆಚ್ಚಿನ ಭಾಗ ಆರ್‌ಎನ್‌ಎಯಿಂದಲೇ ಆದದ್ದು. ಕೋಶದಲ್ಲಿರುವ ಒಟ್ಟು ಆರ್‌ಎನ್‌ಎಯಲ್ಲಿ ಬಹುಪಾಲು ಇದೇ.

ಮೂರನೆಯದು ವಾಹಕ ಆರ್‌ಎನ್‌ಎ. ಗಡಿಯ ಊರಿನವರಿಗೆ ಇದರ ಕೆಲಸ ಬೇಗ ಅರ್ಥವಾಗುತ್ತದೆ. ಸಂದೇಶ ಇರುವುದು ಆರ್‌ಎನ್‌ಎ ಅಕ್ಷರಗಳ ಭಾಷೆಯಲ್ಲಿ, ಆಗಬೇಕಾದ ವಸ್ತು ಇರುವುದು ಅಮೈನೊ ಆಮ್ಲಗಳ ಭಾಷೆಯಲ್ಲಿ. ಒಂದಕ್ಕೊಂದು ತಿಳಿಯದು. ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆದಾಗ ಎರಡೂ ಬಲ್ಲವನೊಬ್ಬ ಮುಂದೆ ನಿಂತು ಕೆಲಸ ಮಾಡಿಸಿಕೊಡುತ್ತಾನಲ್ಲ, ಹಾಗೆ ಈ ಪುಟ್ಟ ಆರ್‌ಎನ್‌ಎ ಒಂದು ತುದಿಯಲ್ಲಿ ಸಂದೇಶದ ಮೂರು ಅಕ್ಷರ ಓದುತ್ತದೆ, ಇನ್ನೊಂದು ತುದಿಯಲ್ಲಿ ಅದಕ್ಕೆ ತಕ್ಕ ಅಮೈನೊ ಆಮ್ಲ ಹೊತ್ತು ತಂದಿರುತ್ತದೆ. ಮೂರು ಮೂರು ಅಕ್ಷರ ಓದುತ್ತ ಹೋದಂತೆ ಮಗ್ಗದಲ್ಲಿ ಪ್ರೋಟೀನ್ ಬೆಳೆಯುತ್ತ ಹೋಗುತ್ತದೆ.

ಇಷ್ಟೆಲ್ಲ ಇಂದು ಪಠ್ಯಪುಸ್ತಕದಲ್ಲಿ ಇದೆ. 1953ರಲ್ಲಿ ಇದರಲ್ಲಿ ಬಹುಪಾಲು ಯಾರಿಗೂ ತಿಳಿದಿರಲಿಲ್ಲ. ಸಂದೇಶವಾಹಕ ಆರ್‌ಎನ್‌ಎ ಇದೆ ಎಂದು ಸಾಬೀತಾದದ್ದೇ 1961ರಲ್ಲಿ. ಆ ಕತ್ತಲೆಯಲ್ಲಿ ರೊಸಾಲಿಂಡ್ ಕೈಗೆ ಸಿಕ್ಕ ಹಣತೆ ತಂಬಾಕಿನ ವೈರಸ್.

ಕೋಲಿನಂಥ ವೈರಸ್, ಒಳಗೊಂದು ಎಳೆ

ಈ ವೈರಸ್‌ನ ಕಥೆಯೂ ಹಳೆಯದು. ರಷ್ಯಾದ ಇವಾನೊವ್‌ಸ್ಕಿ 1892ರಲ್ಲಿ ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟಲಾರದ ಸೋಸುಕದಲ್ಲಿ ಸೋಸಿದರು. ಸೋಸಿದ ರಸ ಆಗಲೂ ರೋಗ ಹರಡಿತು. ಹಾಲೆಂಡಿನ ಬೈಯರಿಂಕ್ 1898ರಲ್ಲಿ ಇದು ಬೇರೆಯೇ ಬಗೆಯ ರೋಗಕಾರಕ ಎಂದು ಹೇಳಿ ವೈರಸ್ ಎಂಬ ಹೆಸರು ಬಳಸಿದರು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟಾನ್ಲಿ ಅದನ್ನು ಹರಳಿನಂತೆ ಬೇರ್ಪಡಿಸಿದರು. ಅದರಲ್ಲಿ ಪ್ರೋಟೀನ್ ಜೊತೆಗೆ ಸ್ವಲ್ಪ ಆರ್‌ಎನ್‌ಎ ಇದೆ ಎಂದು ಮರುವರ್ಷ ಇಂಗ್ಲೆಂಡಿನ ಬಾಡೆನ್ ಮತ್ತು ಪಿರಿ ತೋರಿಸಿದರು. ಆದರೆ ಆ ಆರ್‌ಎನ್‌ಎ ಎಲ್ಲಿದೆ, ಹೇಗೆ ಕುಳಿತಿದೆ ಎಂಬುದು ಗೊತ್ತಿರಲಿಲ್ಲ. ಸೀಸದಕಡ್ಡಿಯ ನಡುವೆ ಸೀಸ ಇರುವಂತೆ ಮಧ್ಯದಲ್ಲೇ ಇರಬೇಕು ಎಂದು ಅನೇಕರು ಅಂದುಕೊಂಡಿದ್ದರು.

1954ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೆಳೆದ ತರುಣ ಏರನ್ ಕ್ಲುಗ್ ಆಕೆಯ ಜೊತೆಗೂಡಿದರು. ಆಕೆ ತೆಗೆದ ಚಿತ್ರಗಳು, ಅವರ ಗಣಿತ, ಎರಡೂ ಹೊಂದಿಕೊಂಡವು. ಮುಂದೆ ಕೆನ್ ಹೋಮ್ಸ್, ಜಾನ್ ಫಿಂಚ್ ಎಂಬ ವಿದ್ಯಾರ್ಥಿಗಳೂ ಬಂದರು. ಕಿಂಗ್ಸ್‌ನಲ್ಲಿ ಒಂಟಿಯಾಗಿದ್ದ ರೊಸಾಲಿಂಡ್ ಇಲ್ಲಿ ಒಂದು ಸಣ್ಣ ತಂಡದ ಯಜಮಾನಿಯಾದರು.

ವೈರಸ್‌ನ ಕೋಲುಗಳೆಲ್ಲ ಒಂದೇ ಉದ್ದದವು ಎಂದು 1955ರಲ್ಲಿ ಆಕೆ ಬರೆದಾಗ ಪಿರಿ ಅವರಿಗೆ ಸಿಟ್ಟು ಬಂತು. ಸಸ್ಯ ವೈರಸ್‌ಗಳಲ್ಲಿ ಅವರದೇ ಕೊನೆಯ ಮಾತು ಎಂಬ ಕಾಲ ಅದು. ಅಂಥವರ ವಿರೋಧ ಕಟ್ಟಿಕೊಂಡರೆ ಅನುದಾನಕ್ಕೂ ಕುತ್ತು. ಆದರೆ ಆಕೆ ತಮ್ಮ ಅಳತೆಗಳನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ನಿಂತದ್ದು ಆಕೆಯ ಮಾತೇ.

1956ರಲ್ಲಿ ಆಕೆ ಮಾಡಿದ ಕೆಲಸ ಸರಳವೂ ಹೌದು, ಜಾಣತನದ್ದೂ ಹೌದು. ವೈರಸ್‌ನ ಪ್ರೋಟೀನ್ ಮಾತ್ರ ತೆಗೆದು ಜೋಡಿಸಿದರೆ ಆರ್‌ಎನ್‌ಎ ಇಲ್ಲದ ಕೋಲು ಸಿಗುತ್ತದೆ. ಅಂಥ ಕೋಲಿನ ಎಕ್ಸ್-ರೇ ಚಿತ್ರವನ್ನು ಪೂರ್ಣ ವೈರಸ್‌ನ ಚಿತ್ರದ ಜೊತೆ ಹೋಲಿಸಿದರು. ತುಂಬಿದ ಚೀಲದ ತೂಕದಲ್ಲಿ ಖಾಲಿ ಚೀಲದ ತೂಕ ಕಳೆದರೆ ಒಳಗಿನ ಕಾಳಿನ ಲೆಕ್ಕ ಸಿಗುವಂತೆ, ಎರಡರ ವ್ಯತ್ಯಾಸ ಆರ್‌ಎನ್‌ಎ ಇರುವ ಜಾಗವನ್ನು ತೋರಿಸಿತು. ಅದು ಮಧ್ಯದಲ್ಲಿ ಇರಲಿಲ್ಲ. ನಡುವೆ ಇದ್ದದ್ದು ಬರೀ ಟೊಳ್ಳು. ಕೇಂದ್ರದಿಂದ 4 ನ್ಯಾನೊಮೀಟರ್ ದೂರದಲ್ಲಿ, ಪ್ರೋಟೀನ್‌ಗಳ ನಡುವೆ ಹುದುಗಿ, ಒಂಟಿ ಎಳೆಯಾಗಿ ಸುರುಳಿ ಸುತ್ತುತ್ತ ಆರ್‌ಎನ್‌ಎ ಸಾಗಿತ್ತು. ಒಂದು ಮಿಲಿಮೀಟರ್‌ನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್. ಅಮೆರಿಕದ ಡೊನಾಲ್ಡ್ ಕ್ಯಾಸ್ಪರ್ ಪೂರ್ಣ ವೈರಸ್‌ನ ಸಾಂದ್ರತೆ ಅಳೆದಿದ್ದರು. ಇಬ್ಬರ ಲೇಖನಗಳು ನೇಚರ್ ಪತ್ರಿಕೆಯಲ್ಲಿ ಒಂದರ ಪಕ್ಕ ಒಂದು ಬಂದವು. ಇಲ್ಲಿ ಯಾರೂ ಯಾರ ಚಿತ್ರವನ್ನೂ ಹೇಳದೆ ಒಯ್ಯಲಿಲ್ಲ.

ಇಂದು ಆ ವೈರಸ್‌ನ ಲೆಕ್ಕ ಪೂರ್ತಿ ಗೊತ್ತು. ಉದ್ದ 300 ನ್ಯಾನೊಮೀಟರ್, ಅಗಲ 18 ನ್ಯಾನೊಮೀಟರ್. ಸುಮಾರು 2,130 ಒಂದೇ ಬಗೆಯ ಪ್ರೋಟೀನ್ ತುಂಡುಗಳು ಮೆಟ್ಟಿಲಿನಂತೆ ಸುತ್ತಿ ಕೋಲಾಗಿವೆ. ಪ್ರತಿ ಮೂರು ಸುತ್ತಿಗೆ 49 ತುಂಡು. ಈ 49ರ ಲೆಕ್ಕ ಸಿಕ್ಕಿದ್ದು ರೊಸಾಲಿಂಡ್ ಮತ್ತು ಹೋಮ್ಸ್ ವೈರಸ್‌ಗೆ ಪಾದರಸದ ಪರಮಾಣು ಅಂಟಿಸಿ ತೆಗೆದ ಚಿತ್ರಗಳಿಂದ. ಒಂದೊಂದು ತುಂಡೂ ಆರ್‌ಎನ್‌ಎಯ ಮೂರು ಅಕ್ಷರಗಳನ್ನು ಹಿಡಿದುಕೊಂಡಿದೆ. ಒಟ್ಟು ಅಕ್ಷರ ಸುಮಾರು 6,400.

ಬಯಲಲ್ಲಿ ಬಿದ್ದರೆ ಬೇಗ ಹಾಳಾಗುವ ಆರ್‌ಎನ್‌ಎ ಪ್ರೋಟೀನ್‌ಗಳ ನಡುವೆ ಹೀಗೆ ಹುದುಗಿರುವುದರಿಂದಲೇ ಒಣಗಿದ ತಂಬಾಕಿನ ಎಲೆಯಲ್ಲೂ ಈ ವೈರಸ್ ವರ್ಷಗಟ್ಟಲೆ ಬದುಕಿರುತ್ತದೆ. ತಂಬಾಕು ಮುಟ್ಟಿದ ಕೈಯನ್ನು ತೊಳೆಯದೆ ಟೊಮೆಟೊ ಸಸಿ ಮುಟ್ಟಬಾರದು ಎನ್ನುವುದು ಇದಕ್ಕೇ.

ರೋಗ ಹರಡುವುದು ಪ್ರೋಟೀನ್ ಅಲ್ಲ, ಆರ್‌ಎನ್‌ಎ ಒಂದೇ ಸಾಕು ಎಂದು ಅದೇ 1956ರಲ್ಲಿ ಜರ್ಮನಿಯ ಗೀರರ್ ಮತ್ತು ಶ್ರಾಮ್ ತೋರಿಸಿದರು. ಎಲೆಯ ಸಣ್ಣ ಗೀರಿನ ಮೂಲಕ ವೈರಸ್ ಒಳ ನುಗ್ಗುತ್ತದೆ, ಹೊದಿಕೆ ಕಳಚುತ್ತದೆ. ಒಳಗಿನ ಆರ್‌ಎನ್‌ಎ ನೇರವಾಗಿ ಸಂದೇಶವಾಹಕ ಆರ್‌ಎನ್‌ಎಯಂತೆ ನಡೆದುಕೊಳ್ಳುತ್ತದೆ. ಪಾಪ, ಗಿಡದ ಮಗ್ಗಕ್ಕೆ ಅಸಲಿ ನಕಲು ಯಾವುದು, ಖೋಟಾ ನಕಲು ಯಾವುದು ತಿಳಿಯದು. ಗಿಡದ್ದೇ ರೈಬೋಸೋಮ್, ಗಿಡದ್ದೇ ವಾಹಕ ಆರ್‌ಎನ್‌ಎ, ಆದರೆ ತಯಾರಾಗುವುದು ವೈರಸ್! ಔಷಧಿ ಸಿಂಪಡಿಸಿದರೂ ಈ ರೋಗ ಹೋಗದಿರಲು ಇದೇ ಕಾರಣ. ಶತ್ರು ದುಡಿಯುತ್ತಿರುವುದು ಮನೆಯದೇ ಮಗ್ಗದಲ್ಲಿ.

ಅನುದಾನದ ಚಿಂತೆ, ಅದರ ಮೇಲೆ ಕಾಯಿಲೆ

1956ರ ಬೇಸಿಗೆಯಲ್ಲಿ ರೊಸಾಲಿಂಡ್ ಅಮೆರಿಕದ ಪ್ರಯೋಗಾಲಯಗಳನ್ನು ಸುತ್ತುತ್ತಿದ್ದರು. ಆಗ ಹೊಟ್ಟೆನೋವು ಶುರುವಾಯಿತು. ಹೊಟ್ಟೆ ಊದಿಕೊಂಡು ಉಡುಪು ಬಿಗಿಯಾಯಿತು. ಲಂಡನ್ನಿಗೆ ಮರಳಿದ ಮೇಲೆ ಸೆಪ್ಟೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅಂಡಾಶಯದ ಕ್ಯಾನ್ಸರ್, ಎರಡು ಗಡ್ಡೆಗಳು. ಆಗ ಆಕೆಗೆ 36 ವರ್ಷ.

ಚೇತರಿಸಿಕೊಳ್ಳಲು ಕೆಲವು ದಿನ ಕೇಂಬ್ರಿಜ್‌ನಲ್ಲಿ ಕ್ರಿಕ್ ದಂಪತಿಯ ಮನೆಯಲ್ಲೂ ಇದ್ದರು. ಹೌದು, ಅದೇ ಫ್ರಾನ್ಸಿಸ್ ಕ್ರಿಕ್. ಅಷ್ಟರಲ್ಲಿ ಅವರ ನಡುವೆ ಒಳ್ಳೆಯ ಸ್ನೇಹ ಬೆಳೆದಿತ್ತು. ಡಿಎನ್‌ಎ ವಿಷಯದಲ್ಲಿ ತಮ್ಮ ಬೆನ್ನ ಹಿಂದೆ ಏನೆಲ್ಲ ನಡೆಯಿತು ಎಂದು ಆಕೆಗೆ ಪೂರ್ತಿ ತಿಳಿದಿತ್ತೆಂದು ತೋರುವುದಿಲ್ಲ.

ಇತ್ತ ಹಣದ ಚಿಂತೆ. ತಂಡಕ್ಕೆ ಹಣ ಕೊಡುತ್ತಿದ್ದ ಬ್ರಿಟನ್ನಿನ ಕೃಷಿ ಸಂಶೋಧನಾ ಮಂಡಳಿ ಮುಂದುವರಿಸಲು ಮನಸ್ಸು ಮಾಡಲಿಲ್ಲ. ತಾನು ಹೋದರೆ ಈ ಹುಡುಗರ ಗತಿ ಏನು ಎಂಬುದೇ ಆಕೆಗೆ ದೊಡ್ಡ ಚಿಂತೆ. ಚಿಕಿತ್ಸೆಯ ನಡುವೆಯೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಅರ್ಜಿ ಹಾಕಿದರು. 1957ರಲ್ಲಿ ಮೂರು ವರ್ಷದ ಅನುದಾನ ಮಂಜೂರಾಯಿತು. ತಂಡ ಉಳಿಯಿತು.

ಕಾಯಿಲೆಗೆ ಬಿದ್ದ ಮೇಲೂ ಕೆಲಸ ಕುಂದಲಿಲ್ಲ. 1956ರಲ್ಲಿ ತಂಡದಿಂದ ಏಳು ಲೇಖನ, 1957ರಲ್ಲಿ ಆರು. ಬರ್ಕ್‌ಬೆಕ್‌ನ ಐದು ವರ್ಷಗಳಲ್ಲಿ ವೈರಸ್‌ಗಳ ಬಗ್ಗೆ ಆಕೆಯ ಒಟ್ಟು 17 ಲೇಖನಗಳು. ಆಸ್ಪತ್ರೆಯಿಂದ ಬಂದು ಮತ್ತೆ ಅದೇ ಮೆಟ್ಟಿಲು ಹತ್ತುತ್ತಿದ್ದರು.

1957ರಲ್ಲಿ ಇನ್ನೂ ಒಂದು ವೈರಸ್ ಕೈಗೆತ್ತಿಕೊಂಡರು. ಅದು ಪೋಲಿಯೊ. ಅದರೊಳಗೂ ಇರುವುದು ಆರ್‌ಎನ್‌ಎಯೇ. ಜೀವಂತ ಪೋಲಿಯೊ ವೈರಸ್ ತಂದಿಟ್ಟುಕೊಳ್ಳುವುದು ಅಪಾಯವೆಂದು ಸುತ್ತಲಿನವರು ಹೆದರಿದರು. ಆ ಕೆಲಸ ಮುಗಿಯುವುದನ್ನು ನೋಡಲು ಆಕೆ ಉಳಿಯಲಿಲ್ಲ. ಕ್ಲುಗ್ ಮತ್ತು ಫಿಂಚ್ 1959ರಲ್ಲಿ ಅದನ್ನು ಪೂರೈಸಿ ಪ್ರಕಟಿಸಿದರು, ಲೇಖನವನ್ನು ಆಕೆಯ ನೆನಪಿಗೆ ಅರ್ಪಿಸಿದರು.

ಪಿಂಗ್‌ಪಾಂಗ್ ಚೆಂಡು, ಸೈಕಲ್ ಹಿಡಿಕೆ

1958ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ದೊಡ್ಡ ವಿಶ್ವಮೇಳ ನಡೆಯಲಿತ್ತು. ಅದರ ವಿಜ್ಞಾನ ಮಂಟಪದಲ್ಲಿ ಇಡಲು ತಂಬಾಕು ವೈರಸ್‌ನ ಐದು ಅಡಿ ಎತ್ತರದ ಮಾದರಿ ಮಾಡಿಕೊಡಬೇಕೆಂದು ರೊಸಾಲಿಂಡ್‌ಗೆ ಕೇಳಿಕೆ ಬಂತು. ಪಿಂಗ್‌ಪಾಂಗ್ ಆಡುವ ಚೆಂಡುಗಳು, ಸೈಕಲ್ ಹ್ಯಾಂಡಲ್‌ಗೆ ಹಾಕುವ ಪ್ಲಾಸ್ಟಿಕ್ ಹಿಡಿಕೆಗಳು, ಇಂಥವುಗಳನ್ನೇ ಬಳಸಿ ಮಾದರಿ ಕಟ್ಟಿದರು. ಕಣ್ಣಿಗೆ ಕಾಣದ ವೈರಸ್ ಆಳೆತ್ತರಕ್ಕೆ ಎದ್ದು ನಿಂತಿತು.

ಮೇಳ ಏಪ್ರಿಲ್ 17ರಂದು ಆರಂಭವಾಯಿತು. ಅದರ ಹಿಂದಿನ ದಿನ, 1958ರ ಏಪ್ರಿಲ್ 16ರಂದು, ರೊಸಾಲಿಂಡ್ ಲಂಡನ್ನಿನಲ್ಲಿ ಕೊನೆಯುಸಿರೆಳೆದರು. ವಯಸ್ಸು 37. ಮಾದರಿಯನ್ನು ನೋಡಲು ಜನ ಸಾಲುಗಟ್ಟಿದಾಗ ಅದನ್ನು ಮಾಡಿದಾಕೆ ಇರಲಿಲ್ಲ.

ಆಕೆ ಮದುವೆಯಾಗಿರಲಿಲ್ಲ. ಉಯಿಲಿನಲ್ಲಿ 3,000 ಪೌಂಡ್ ಹಣ ಮತ್ತು ತಮ್ಮ ಆಸ್ಟಿನ್ ಕಾರನ್ನು ಏರನ್ ಕ್ಲುಗ್‌ಗೆ ಬರೆದಿಟ್ಟಿದ್ದರು.

ಆಕೆಯ ನಂತರ

1962ರಲ್ಲಿ ಡಿಎನ್‌ಎ ರಚನೆಗಾಗಿ ಕ್ರಿಕ್, ವಾಟ್ಸನ್, ವಿಲ್ಕಿನ್ಸ್ ಮೂವರಿಗೆ ನೊಬೆಲ್ ಬಂತು. ತೀರಿಹೋದವರಿಗೆ ನೊಬೆಲ್ ಇಲ್ಲ. 1968ರಲ್ಲಿ ವಾಟ್ಸನ್ ಬರೆದ ಪುಸ್ತಕದಲ್ಲಿ ಆಕೆಯನ್ನು ಸಿಡುಕಿನ ಹೆಂಗಸಾಗಿ ಚಿತ್ರಿಸಿದರು. ಅದನ್ನು ಒಪ್ಪದ ಗೆಳತಿ ಆನ್ ಸೇಯರ್ 1975ರಲ್ಲಿ ಆಕೆಯ ಜೀವನ ಚರಿತ್ರೆ ಬರೆದರು. 2002ರಲ್ಲಿ ಬ್ರೆಂಡಾ ಮ್ಯಾಡಾಕ್ಸ್ ಇನ್ನೂ ವಿಸ್ತಾರವಾಗಿ ಬರೆದರು. ಜಗತ್ತು ಆಕೆಯನ್ನು ಹೊಸದಾಗಿ ನೋಡಿತು. ಆದರೂ ಎಲ್ಲರ ಕಣ್ಣು 51ನೇ ಚಿತ್ರದ ಮೇಲೆಯೇ ಉಳಿಯಿತು.

ಆರ್‌ಎನ್‌ಎ ದಾರಿಯಲ್ಲಿ ಆಕೆ ಹಚ್ಚಿದ ದೀಪ ಮಾತ್ರ ಕೈಯಿಂದ ಕೈಗೆ ಸಾಗಿತು. ಕ್ಲುಗ್ ಕೇಂಬ್ರಿಜ್‌ಗೆ ಹೋದರು. ಅವರ ತಂಡ 1974ರಲ್ಲಿ ವಾಹಕ ಆರ್‌ಎನ್‌ಎ, ಅಂದರೆ ಆ ಎರಡು ಭಾಷೆ ಬಲ್ಲ ಪುಟ್ಟ ಅಣು, ಹೇಗೆ ಮಡಚಿಕೊಂಡಿರುತ್ತದೆ ಎಂದು ತೋರಿಸಿತು. ಅದೇ ಹೊತ್ತಿಗೆ ಅಮೆರಿಕದ ಇನ್ನೊಂದು ತಂಡವೂ ಅದನ್ನು ಕಂಡಿತ್ತು. ನ್ಯೂಕ್ಲಿಯಿಕ್ ಆಮ್ಲ ಮತ್ತು ಪ್ರೋಟೀನ್ ಸೇರಿ ಆಗುವ ರಚನೆಗಳ ಕೆಲಸಕ್ಕಾಗಿ 1982ರಲ್ಲಿ ಕ್ಲುಗ್‌ಗೆ ನೊಬೆಲ್ ಸಂದಿತು. ಆ ಕೆಲಸದ ಬೇರು ಇದ್ದದ್ದು ಟಾರಿಂಗ್ಟನ್ ಚೌಕದ ನೆಲಮಾಳಿಗೆಯಲ್ಲಿ.

ಕ್ಲುಗ್ ದುಡಿದ ಅದೇ ಕೇಂಬ್ರಿಜ್ ಪ್ರಯೋಗಾಲಯದಲ್ಲಿ ಮುಂದೆ ರೈಬೋಸೋಮ್‌ನ ರಚನೆಯನ್ನು ಬಿಡಿಸಿದವರು ವೆಂಕಟರಾಮನ್ ರಾಮಕೃಷ್ಣನ್. ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದವರು. 2009ರಲ್ಲಿ ಇನ್ನಿಬ್ಬರ ಜೊತೆ ಅವರಿಗೂ ನೊಬೆಲ್ ಬಂತು. ಅಮೈನೊ ಆಮ್ಲಗಳನ್ನು ಒಂದಕ್ಕೊಂದು ಹೊಸೆಯುವ ಕೆಲಸ ಮಾಡುವುದು ರೈಬೋಸೋಮ್‌ನ ಪ್ರೋಟೀನ್ ಅಲ್ಲ, ಅದರ ಆರ್‌ಎನ್‌ಎಯೇ ಎಂಬುದು ಈಗ ಸ್ಪಷ್ಟ. ಆರ್‌ಎನ್‌ಎ ಬರೀ ನಕಲು ಕಾಗದವಲ್ಲ, ತಾನೇ ದುಡಿಯುವ ಕೈಯೂ ಹೌದು.

2020ರಲ್ಲಿ ಊರೂರಿಗೆ ಬಂದು ಗಡಿಯ ಚೆಕ್‌ಪೋಸ್ಟ್‌ಗಳನ್ನು ಮುಚ್ಚಿಸಿದ ಕೊರೊನಾ ವೈರಸ್‌ನ ಒಡಲಲ್ಲಿ ಇದ್ದದ್ದೂ ಆರ್‌ಎನ್‌ಎ. ಮೂಗಿನಿಂದ ದ್ರವ ತೆಗೆದು ಮಾಡುತ್ತಿದ್ದ ಆರ್‌ಟಿ-ಪಿಸಿಆರ್ ಪರೀಕ್ಷೆ ಹುಡುಕುತ್ತಿದ್ದದ್ದು ಅದನ್ನೇ. ಹೊರದೇಶಗಳಲ್ಲಿ ಕೋಟಿಗಟ್ಟಲೆ ಜನರಿಗೆ ಕೊಟ್ಟ ಒಂದು ಬಗೆಯ ಲಸಿಕೆಯೂ ಸಂದೇಶವಾಹಕ ಆರ್‌ಎನ್‌ಎಯೇ. ಆಕೆ ಕೊನೆಗೆ ಕೈಗೆತ್ತಿಕೊಂಡಿದ್ದ ಪೋಲಿಯೊ, ಬೂತ್‌ಬೂತ್‌ಗಳಲ್ಲಿ ಹನಿ ಹಾಕಿಸಿದ ಫಲವಾಗಿ, ಭಾರತದಿಂದ ತೊಲಗಿತೆಂದು 2014ರಲ್ಲಿ ಪ್ರಮಾಣಪತ್ರ ಸಿಕ್ಕಿತು.

ಲಂಡನ್ನಿನ ವಿಲ್ಸ್‌ಡನ್‌ನ ಯಹೂದಿ ಸ್ಮಶಾನದಲ್ಲಿ ರೊಸಾಲಿಂಡ್ ಸಮಾಧಿ ಇದೆ. ಆ ಕಲ್ಲಿನ ಮೇಲೆ ಮನೆಯವರು ಕೆತ್ತಿಸಿದ ಸಾಲುಗಳಲ್ಲಿ ಡಿಎನ್‌ಎ ಎಂಬ ಮಾತಿಲ್ಲ. ಆಕೆ ವಿಜ್ಞಾನಿಯಾಗಿದ್ದರು, ವೈರಸ್‌ಗಳ ಬಗ್ಗೆ ಆಕೆ ಕಂಡುಕೊಂಡದ್ದು ಮನುಕುಲಕ್ಕೆ ಸದಾ ಉಪಕಾರಿ ಎಂಬ ಅರ್ಥದ ಮಾತು ಇದೆ. ಸಿಗದೆ ಹೋದ ನೊಬೆಲ್‌ನ ಬಗ್ಗೆ ಲೋಕ ಇಂದಿಗೂ ಮಾತಾಡುತ್ತದೆ. ಆ ಕಲ್ಲು ಮಾತಾಡುವುದು ಆಕೆ ಮಾಡಿ ಮುಗಿಸಿದ ಕೆಲಸದ ಬಗ್ಗೆ.